ಬ್ಯಾಟರಿ ಗ್ರೈಂಡರ್ ಮತ್ತು ಅಪ್ಪಮಾದ

 

ಇವತ್ತಿನ ಚಿಂತನೆ ಸ್ವಲ್ಪ ಉದ್ದವಿದೆ, ಚಹಾ ಕುಡಿಯುತ್ತಾ ಓದಿ. ನಿಮ್ಮ ಮನೆಯಲ್ಲಿ ವೆಲ್ಡಿಂಗ್, ಟೈಲ್ಸ್, ಕಲ್ಲಿನ ಕೆಲಸಕ್ಕೆ ಹೋಗುವವರಿದ್ದರೆ ಅವರಿಗೂ ಓದಿ ಹೇಳಿ.

ಹೋದ ಏಪ್ರಿಲ್ 13ರ ರಾತ್ರಿ. ಬೆಳಗಾದರೆ ಬಾಬಾಸಾಹೇಬರ ಜಯಂತಿ. ನಮ್ಮ ಓಣಿಯ ಹುಡುಗರು ಕಮಾನು ಕಟ್ಟುತ್ತಿದ್ದರು. ಚೌಕ ಪೈಪು ಕತ್ತರಿಸಲು ಒಬ್ಬ ಬ್ಯಾಟರಿ ಗ್ರೈಂಡರ್ ತಂದಿದ್ದ. ನನ್ನ ಹಳೆಯ ವಿದ್ಯಾರ್ಥಿ, ಈಗ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ದುಡಿಯುತ್ತಾನೆ. ಏಣಿ ಹತ್ತಿ ಒಂದು ಕೈಯಲ್ಲಿ ಕಂಬ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಓಡುವ ಮಷೀನು. ಬ್ಲೇಡಿಗೆ ಗಾರ್ಡ್ ಇಲ್ಲ, ಕಣ್ಣಿಗೆ ಕನ್ನಡಕ ಇಲ್ಲ, ಕೊರಳಲ್ಲಿ ನೀಲಿ ಶಾಲು ಜೋತಾಡುತ್ತಿತ್ತು.

"ಕೆಳಗಿಳಿ ತಮ್ಮಾ" ಅಂದೆ. ಇಳಿದು ನಕ್ಕ. "ಸರ, ವಿಹಾರದಾಗ ನೀವ ಹೇಳ್ತೀರಲ್ರೀ, ದೇಹ ಅನಿತ್ಯ ಅಂತ. ಅನಿತ್ಯ ಇದ್ದದ್ದಕ್ಕ ಗಾಗಲ್ಸ್ ಯಾಕ್ ಬೇಕ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಹುಡುಗ ತಮಾಷೆಗೆ ಕೇಳಿದ್ದರೂ ಪ್ರಶ್ನೆ ತಮಾಷೆಯದಲ್ಲ. ಹೇಗೂ ಅಳಿಯುವ ದೇಹವನ್ನು ಇಷ್ಟು ಜೋಪಾನ ಮಾಡುವುದು ಧಮ್ಮವೋ, ಮೋಹವೋ?

ನಾನು ಆಮೇಲೆ ಯೋಚಿಸಿದ್ದು ಇದು. ಸಿದ್ಧಾರ್ಥ ಆರು ವರ್ಷ ದೇಹವನ್ನು ಒಣಗಿಸಿ ನೋಡಿದರು. ಬೆನ್ನಿಗೆ ಹೊಟ್ಟೆ ಹತ್ತಿತು, ಬೋಧಿ ಸಿಗಲಿಲ್ಲ. ಸುಜಾತೆಯ ಪಾಯಸ ಉಂಡು ಮತ್ತೆ ಕುಳಿತರು. ದೇಹವನ್ನು ಮೆರೆಸುವುದು ಒಂದು ಅತಿಯಾದರೆ ಅದನ್ನು ಹಾಳು ಮಾಡುವುದು ಇನ್ನೊಂದು ಅತಿ. ಅನಿತ್ಯ ಅಂದರೆ ಬೆಲೆಯಿಲ್ಲದ್ದು ಅಂತ ಅರ್ಥವಲ್ಲ. ಹೋದ ಕಣ್ಣು ತಿರುಗಿ ಬಾರದು ಎನ್ನುವುದೂ ಅನಿತ್ಯದ ಪಾಠವೇ.

ಇನ್ನು ಆ ಮಷೀನಿನ ಸಂಗತಿ. ನಾನು ಕನ್ನಡ ಮೇಷ್ಟ್ರು, ಕಬ್ಬಿಣದವನಲ್ಲ. ಆದರೂ ಆ ರಾತ್ರಿಯ ನಂತರ ಕೇಳಿ, ಓದಿ, ಕೈಯಲ್ಲಿ ಹಿಡಿದು ತಿಳಿದುಕೊಂಡೆ. ನಾಲ್ಕು ಇಂಚಿನ ಬ್ಲೇಡು ನಿಮಿಷಕ್ಕೆ 8,500ರಿಂದ 11,000 ಸುತ್ತು ತಿರುಗುತ್ತದೆ. ಅದರ ಅಂಚು ಓಡುವುದು ಗಂಟೆಗೆ 160ರಿಂದ 200 ಕಿಲೋಮೀಟರ್ ವೇಗದಲ್ಲಿ. ವೈರ್ ಇಲ್ಲ, ಶಾಕ್ ಹೊಡೆಯುವುದಿಲ್ಲ ಎಂದು ಮನಸ್ಸು ಸಡಿಲವಾಗುತ್ತದೆ. ಕರೆಂಟ್ ಇಲ್ಲದ ಹೊಲದಲ್ಲೂ ನಡೆಯುತ್ತದೆ, ಏಣಿಯ ಮೇಲೂ ನಡೆಯುತ್ತದೆ, ಹಾಗಾಗಿ ಒಂದೇ ಕೈ ಸಾಕು ಅನ್ನಿಸುತ್ತದೆ. ಪೈಪು ಬಾಗಿ ಬ್ಲೇಡನ್ನು ಕಚ್ಚಿತೆಂದರೆ ಮಷೀನು ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಒದೆಯುತ್ತದೆ. ಆ ಒದೆತ ತಡೆಯಲೆಂದೇ ಪಕ್ಕದ ಹಿಡಿಕೆ ಕೊಟ್ಟಿದ್ದಾರೆ. ಎರಡೂ ಕೈ ಬೇಕು, ಕಾಲು ನೆಲದ ಮೇಲಿರಬೇಕು, ಬ್ಲೇಡಿನ ನೇರಕ್ಕೆ ಮುಖ ಒಡ್ಡದೆ ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಶಾಲು, ಟವೆಲ್ಲು, ಸಡಿಲ ತೋಳು ಯಾವುದೂ ಹತ್ತಿರ ಬರಬಾರದು.

ಗಾರ್ಡ್ ಯಾಕೆ ಬಿಚ್ಚಿದೆ ಅಂತ ಕೇಳಿದರೆ ಹುಡುಗ ನಿಜ ಹೇಳಿದ: ದೊಡ್ಡ ಬ್ಲೇಡು ಹಿಡಿಸಲಿ ಅಂತ. ಅಪಾಯ ಅಲ್ಲೇ ಇದೆ. ಪ್ರತಿ ಬ್ಲೇಡಿನ ಮೇಲೂ ಅದು ತಾಳುವ ವೇಗ ಅಚ್ಚಾಗಿರುತ್ತದೆ. ನಾಲ್ಕು ಇಂಚಿನದು ಸಾಮಾನ್ಯವಾಗಿ 15,300 ಸುತ್ತು ತಾಳುತ್ತದೆ, ಏಳು ಇಂಚಿನದು 8,500 ಮಾತ್ರ. 11,000 ಸುತ್ತಿನ ಸಣ್ಣ ಮಷೀನಿಗೆ ಏಳಿಂಚಿನ ಬ್ಲೇಡು ಹಾಕಿದರೆ ಅದು ಯಾವ ಗಳಿಗೆಯಲ್ಲಾದರೂ ಸಿಡಿದು ಚೂರಾಗಬಹುದು. ನಡುವಿನ ಲೋಹದ ಉಂಗುರದ ಮೇಲೆ ವಾಯಿದೆಯ ತಿಂಗಳೂ ವರ್ಷವೂ ಇರುತ್ತದೆ. ನಾವು ಬಿಸ್ಕತ್ ಪೊಟ್ಟಣದ ತಾರೀಖು ನೋಡುತ್ತೇವೆ, ಇದನ್ನು ನೋಡುವುದಿಲ್ಲ. ಬ್ಲೇಡು ಬದಲಿಸುವಾಗ ಮೊದಲು ಬ್ಯಾಟರಿ ತೆಗೆದು ಪಕ್ಕಕ್ಕಿಡಬೇಕು. ಸ್ವಿಚ್ ಆರಿಸಿದ ಮೇಲೂ ಬ್ಲೇಡು ತುಸು ಹೊತ್ತು ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಲ್ಲುವವರೆಗೆ ಕೆಳಗಿಡಬಾರದು. ಕತ್ತರಿಸುವ ತೆಳು ಬ್ಲೇಡಿನ ಬದಿಯಿಂದ ಉಜ್ಜಬಾರದು. ಅದುಮಿದರೆ ಬೇಗ ಕತ್ತರಿಸುತ್ತದೆ ಎಂಬುದೂ ಸುಳ್ಳು, ಬ್ಯಾಟರಿ ಬಿಸಿಯಾಗಿ ಬ್ಲೇಡು ಸವೆಯುತ್ತದೆ ಅಷ್ಟೆ. ವೇಗಕ್ಕೆ ಬಿಟ್ಟು ಹಗುರವಾಗಿ ನಡೆಸಿದರೆ ಗೆರೆ ನೇರ ಬರುತ್ತದೆ. ನಮ್ಮ ಬಿಸಿಲಿಗೆ ಕಾದ ಬ್ಯಾಟರಿಯನ್ನು ತಣ್ಣಗಾಗದೆ ಚಾರ್ಜಿಗೆ ಹಾಕಬಾರದು. ಗಂಗಾವತಿ ಕಡೆಯವರು ಭತ್ತದ ಹುಲ್ಲಿನ ಬಣವೆ ಹತ್ತಿರ ಕಿಡಿ ಹಾರಿಸಲೇಬಾರದು.

ಸತಿಪಟ್ಠಾನ ಸುತ್ತದಲ್ಲಿ ಉಸಿರಿನ ಮೇಲೆ ಗಮನವಿಡುವುದನ್ನು ಹೇಳುವಾಗ ಬುದ್ಧರು ಕೊಟ್ಟ ಹೋಲಿಕೆ ಕಡೆಯುವ ಕೆಲಸಗಾರನದು. ಉದ್ದಕ್ಕೆ ತಿರುಗಿಸುವಾಗ ಉದ್ದ, ಗಿಡ್ಡಕ್ಕೆ ತಿರುಗಿಸುವಾಗ ಗಿಡ್ಡ ಎಂದು ಅವನಿಗೆ ಅರಿವಿರುತ್ತದೆಯಲ್ಲ, ಹಾಗೆ. ಧ್ಯಾನಕ್ಕೆ ಮಾದರಿಯಾಗಿ ಅವರು ರಾಜನನ್ನೋ ಪುರೋಹಿತನನ್ನೋ ತೋರಿಸದೆ ಕೈಯಲ್ಲಿ ಹತಾರ ಹಿಡಿದವನನ್ನು ತೋರಿಸಿದರು. ನನಗೆ ಇದು ಬಹಳ ಹಿಡಿಸುತ್ತದೆ. ಅಪ್ಪಮಾದ ಅಂದರೆ ಇದೇ. ಹೆದರಿಕೆಗೂ ಅದಕ್ಕೂ ಸಂಬಂಧವಿಲ್ಲ. ಹೆದರಿದವನ ಕೈ ನಡುಗುತ್ತದೆ, ಎಚ್ಚರಿದ್ದವನ ಕೈ ನಡುಗುವುದಿಲ್ಲ.

"ನನ್ನ ಕಣ್ಣು, ನನ್ನಿಷ್ಟ" ಅನ್ನುವವರೂ ಇದ್ದಾರೆ. ಅವರಿಗೆ ಸೇದಕ ಸುತ್ತದ ಡೊಂಬರ ಗುರು-ಶಿಷ್ಯರ ಕತೆ ಹೇಳಬೇಕು. ಗಳದ ಮೇಲೆ ಆಟವಾಡುವ ಮುನ್ನ ಗುರು, "ನೀನು ನನ್ನನ್ನು ಕಾಯಿ, ನಾನು ನಿನ್ನನ್ನು ಕಾಯುತ್ತೇನೆ" ಅಂದ. ಶಿಷ್ಯೆ ಒಪ್ಪಲಿಲ್ಲ, ಇಬ್ಬರೂ ತಮ್ಮ ತಮ್ಮ ಸಮತೋಲ ಕಾಯ್ದುಕೊಂಡರೇ ಆಟ ಗೆಲ್ಲುತ್ತದೆ ಅಂದಳು. ತನ್ನನ್ನು ಕಾಯ್ದುಕೊಂಡವನು ಇತರರನ್ನೂ ಕಾಯುತ್ತಾನೆ, ಇತರರನ್ನು ಕಾಯುವವನು ತನ್ನನ್ನೂ ಕಾಯ್ದುಕೊಳ್ಳುತ್ತಾನೆ ಎಂದು ಬುದ್ಧರು ಎರಡನ್ನೂ ಸೇರಿಸಿದರು. ಸಿಡಿದ ಬ್ಲೇಡಿನ ಚೂರು, ಹಿಡಿದವನು ಯಾರು, ಏಣಿ ಕೆಳಗೆ ನಿಂತ ಮಗು ಯಾರದು ಅಂತ ಕೇಳುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ತಪ್ಪೆಲ್ಲ ದುಡಿಯುವವನ ತಲೆಗೆ ಕಟ್ಟಿದಂತಾಗುತ್ತದೆ. ಕೆಲವು ವರ್ಷದ ಹಿಂದೆ ಕುಷ್ಟಗಿ ಕಡೆ ಕಲ್ಲು ಕತ್ತರಿಸುವಲ್ಲಿ ನನಗೆ ಬೇಕಾದವರೊಬ್ಬರ ಒಂದು ಕಣ್ಣು ಹೋಯಿತು. ನೋಡಲು ಬಂದ ಮಾಲೀಕ, "ಹಣೆಬರಹ, ಯಾರೇನ್ ಮಾಡಾಕ್ಕಾಗ್ತದ" ಅಂದ. ಹಾಸಿಗೆಯಲ್ಲಿದ್ದವರೂ ಹೌದೆಂದು ತಲೆ ಹಾಕಿದರು. ಆ ತಲೆ ಹಾಕಿದ್ದು ನನಗೆ ಇನ್ನೂ ಚುಚ್ಚುತ್ತದೆ. ಹಿಂದಿನ ಜನ್ಮದ ಕರ್ಮ ಎನ್ನುವ ಮಾತು ನಮ್ಮ ಅಜ್ಜ-ಮುತ್ತಜ್ಜರನ್ನು ಊರ ಹೊರಗೆ ಇಟ್ಟದ್ದು ಸಾಲದೆ, ಈಗ ಬ್ಲೇಡಿನ ಲೆಕ್ಕವನ್ನೂ ತನ್ನ ಖಾತೆಗೆ ಬರೆದುಕೊಳ್ಳುತ್ತಿದೆ. ಧಮ್ಮ ಕಾರಣ ಕೇಳುತ್ತದೆ. ಗಾರ್ಡ್ ಯಾಕಿರಲಿಲ್ಲ? ಕನ್ನಡಕ ಯಾರು ಕೊಡಬೇಕಿತ್ತು? ಹನ್ನೆರಡನೆಯ ತಾಸಿನಲ್ಲಿ ಕೈ ಸೋತಿತ್ತೇ? ಕಲ್ಲಿನ ಧೂಳಿಗೆ ಮುಖಕ್ಕೆ ಸುತ್ತಿದ ಟವೆಲ್ಲು ಸಾಲುತ್ತದೆ ಎಂದವರು ಯಾರು? ಆ ಧೂಳು ಪುಪ್ಪುಸದಲ್ಲಿ ಕೂತು ತರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ತಂದದ್ದು ಅವರೇ. ದಣಿದ ಕೈಗೆ ಎಚ್ಚರ ಉಪದೇಶಿಸಿ ಫಲವಿಲ್ಲ ಎಂದು ಅವರಿಗೆ ಗೊತ್ತಿತ್ತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕಣ್ಣಿನ ರಕ್ಷಣೆಗೇ ಒಂದು ಕಲಮು ಇತ್ತು. ಅರೆಯುವ ಚಕ್ರ ಎಷ್ಟು ವೇಗ ತಾಳುತ್ತದೆ ಎಂದು ಮಷೀನಿನ ಪಕ್ಕ ಬರೆದು ಹಾಕಬೇಕೆಂದೂ ಇತ್ತು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ಇದ್ದರಷ್ಟೇ ಆಗ ಅದು ಕಾರ್ಖಾನೆ. ಇಬ್ಬರು ಹುಡುಗರ ನಮ್ಮ ಅಂಗಡಿಗಳು ಆ ಬಾಗಿಲಿನ ಹೊರಗೇ ಉಳಿದವು.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ನೋಡಿದವರಿದ್ದೀರಿ. ಉಪಾಸಕನಾದ ಮೇಲೂ ಮೊದಲು ತಾನು ಅಷ್ಟು ಶ್ರಮ ಹಾಕಲಿಲ್ಲ ಎಂದು ದೊರೆಯೇ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಶ್ರಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ ಎನ್ನುತ್ತಾನೆ. ಅಲ್ಲಿ ಹೋದಾಗಲೆಲ್ಲ ನನಗೆ ದೊರೆಗಿಂತ ಉಳಿ ಹಿಡಿದವನ ನೆನಪೇ ಹೆಚ್ಚು. ಚಕ್ಕೆ ಹಾರಿದಾಗ ಅವನು ಕಣ್ಣು ಹೇಗೆ ಕಾಯ್ದುಕೊಂಡನೋ.

ಮೊನ್ನೆ ಆ ಹುಡುಗನ ಅಂಗಡಿ ಮುಂದೆ ಹಾದು ಹೋದೆ. ಮಷೀನಿಗೆ ಗಾರ್ಡ್ ಬಂದಿದೆ, ಎರಡೂ ಕೈಯಲ್ಲಿ ಹಿಡಿದಿದ್ದ. ಕನ್ನಡಕ ಮಾತ್ರ ಹಣೆಯ ಮೇಲಿತ್ತು. "ಬೆವರಿಗೆ ಮಂಜಾಗ್ತಾವ್ರಿ ಸರ, ಗೆರಿನ ಕಾಣಂಗಿಲ್ಲ" ಅಂದ. ಅದೂ ನಿಜ. ಗಾಳಿಯಾಡುವ ಒಳ್ಳೆಯ ಕನ್ನಡಕಕ್ಕೆ ದುಡ್ಡು ಬೇಕು, ಮಾಲೀಕ ಕೊಡಿಸುತ್ತಿಲ್ಲ.

ವಿಹಾರದ ದಾನದ ಡಬ್ಬಿಯಿಂದ ನಾಲ್ಕು ಕನ್ನಡಕ ಕೊಂಡು ಕೊಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ನಮ್ಮ ಹಿರಿಯರೊಬ್ಬರು, "ಮಾಲೀಕ ಕೊಡಬೇಕಾದ್ದು ನಾವು ಕೊಟ್ರ, ಅವನ ಹೊರಿ ನಾವ ಹೊತ್ತಂಗ ಆತಲ್ಲ?" ಎಂದು ಕೇಳಿದ್ದಾರೆ. ಎರಡೂ ಮಾತಿನಲ್ಲಿ ಹುರುಳಿದೆ, ನಾನಿನ್ನೂ ಯಾವ ಕಡೆಯೂ ವಾಲಿಲ್ಲ. ಭಾನುವಾರ ವಂದನೆ ಮುಗಿದ ಮೇಲೆ ಇದನ್ನೇ ಮಾತಾಡೋಣ. ಆ ಹುಡುಗನೂ ಬರುತ್ತೇನೆ ಅಂದಿದ್ದಾನೆ.

ಜೈ ಭೀಮ್.