ಫಲಗಣನೆಯೂ ಅಧಿಕಾರಿಯ ಧರ್ಮವೂ

ರಾಜಕಾರ್ಯವನ್ನು ಅದರ ಫಲದಿಂದಲೇ ಅಳೆಯಬೇಕೆಂಬ ವಾದವು ಈಚಿನ ವರ್ಷಗಳಲ್ಲಿ ಪ್ರಬಲವಾಗಿದೆ. ನಮ್ಮ ರಾಜ್ಯದ ಸಕಾಲ ಶಾಸನವು ೨೦೧೧ರಲ್ಲಿ ಹುಟ್ಟಿ, ೨೦೧೨ರ ಏಪ್ರಿಲಿನಲ್ಲಿ ಎಲ್ಲ ಜಿಲ್ಲೆಗಳಿಗೂ ಬಂದಿತು. ಅರ್ಜಿದಾರನಿಗೆ ಸಂಖ್ಯೆಯುಳ್ಳ ಸ್ವೀಕೃತಿಪತ್ರ, ಗೊತ್ತಾದ ದಿನಗಳೊಳಗೆ ಉತ್ತರ, ತಡವಾದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿ ಮೀರದ ಪರಿಹಾರ, ಇವು ಅದರ ವಿಧಿಗಳು. ಇದನ್ನು ಹೀಯಾಳಿಸುವುದು ಸಲ್ಲದು. ಮಳೆಗಾಲದಲ್ಲಿ ದಿನಗೂಲಿಯನ್ನು ಬಿಟ್ಟು ತಾಲ್ಲೂಕು ಕಚೇರಿಗೆ ಅಲೆದವನಿಗೆ ಆ ಕಾಗದದ ಬೆಲೆ ಎಷ್ಟೆಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಆದರೆ ತರ್ಕಶಾಸ್ತ್ರದ ಒಂದು ಸಂಗತಿಯನ್ನು ಸ್ಮರಿಸಬೇಕು. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಅಗ್ನಿಯನ್ನು ಊಹಿಸುವೆವು. ಬೆಟ್ಟದಲ್ಲಿರುವವನಿಗೆ ಹೊಗೆಯ ಪ್ರಮಾಣವನ್ನು ನೋಡಿಯೇ ಸಂಬಳ ಕೊಡತೊಡಗಿದರೆ ಅವನು ಹಸಿಸೌದೆಯನ್ನೇ ಹುಡುಕುವನು. ತರ್ಕಸಂಗ್ರಹವನ್ನು ಓದಿದವರಿಗೆ ಆರ್ದ್ರೇಂಧನದ ನೆನಪಾದೀತು. ಇಂಗ್ಲೆಂಡಿನಲ್ಲಿ ೧೮೬೨ರಲ್ಲಿ ಶಾಲೆಗಳ ಸಹಾಯಧನವನ್ನು ಮಕ್ಕಳ ಓದು, ಬರಹ, ಲೆಕ್ಕಗಳ ಪರೀಕ್ಷೆಗೆ ಕಟ್ಟಿದರು. ಬೋಧನೆಯು ಯಾಂತ್ರಿಕವಾಗುವುದೆಂದು ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡನು ಆಕ್ಷೇಪಿಸಿದನು. ನಮ್ಮ ಹತ್ತನೆಯ ತರಗತಿಯ ಶೇಕಡಾವಾರು ಪಟ್ಟಿಗಳನ್ನು ಬಲ್ಲ ಉಪಾಧ್ಯಾಯರಿಗೆ ಇದು ಹೊಸ ಮಾತಲ್ಲ.

ಸಕಾಲವು ಅಳೆಯುವುದು ಕಾಲವನ್ನು. ಕಾರಣವನ್ನು ಬರೆದು ಅರ್ಜಿಯನ್ನು ತಿರಸ್ಕರಿಸಿದರೂ ಅದು ಅವಧಿಯೊಳಗಿನ ವಿಲೇವಾರಿಯೇ. ಪಟ್ಟೇದಾರನ ಹೆಸರಿನೊಡನೆ ಒಂದು ಒಕ್ಕದ ಅನೇಕರ ಹಕ್ಕು ಹೆಣೆದುಕೊಂಡಿರುವ ಜಮ್ಮಾ ಭೂಮಿಯ ದಾಖಲೆಯನ್ನು ತಾಳ್ಮೆಯಿಂದ ಓದಹೊರಟ ಅಧಿಕಾರಿಗೆ ತಿಂಗಳೂ ಸಾಲದು. ಪತ್ರವೊಂದು ಕಡಮೆಯೆಂದು ಹಿಂದಿರುಗಿಸುವವನಿಗೆ ಅರ್ಧ ದಿನ ಸಾಕು. ಪಟ್ಟಿಯಲ್ಲಿ ಎರಡನೆಯವನೇ ಶ್ರೇಷ್ಠನಾಗಿ ಕಾಣುವನು.

ಫಲಾಪೇಕ್ಷೆಯನ್ನು ಬಿಡಬೇಕೆಂದು ಗೀತೆಯೇ ಹೇಳಿರುವಾಗ ಅಧಿಕಾರಿಯನ್ನು ಫಲ ಕೇಳುವುದೇಕೆಂದು ಕೆಲವರು ವಾದಿಸುವರು. ಇದು ಆಲಸ್ಯದ ಕವಚವೇ ಹೊರತು ವೇದಾಂತವಲ್ಲ. ಬಿಡತಕ್ಕದ್ದು ತನ್ನ ಫಲವನ್ನು. ಇಲ್ಲಿ ಕೇಳುತ್ತಿರುವುದಾದರೋ ಪ್ರಜೆಯ ಫಲವನ್ನು. ಗಣನೆಯ ನಿಜವಾದ ಅಪಾಯವು ಇಲ್ಲಿಯೇ ಇದೆ. ಪ್ರಜೆಯ ಫಲವನ್ನು ಎಣಿಸಹೊರಟ ಪಟ್ಟಿಯು ಬರಬರುತ್ತ ಅಧಿಕಾರಿಯ ಸ್ವಂತ ಫಲವಾಗಿ, ಅವನ ಬಡ್ತಿ, ಶಿಕ್ಷೆ, ಹೆಸರುಗಳಾಗಿ ಪರಿಣಮಿಸುವುದು. ಆಗ ಅವನು ತನ್ನನ್ನೇ ಕಾಯುವನು, ಅರ್ಜಿದಾರನನ್ನಲ್ಲ.

ಆದುದರಿಂದ ದಿನಗಳನ್ನು ಎಣಿಸುವುದು ನಿಲ್ಲಬೇಕಾಗಿಲ್ಲ. ಆದರೆ ತಿರಸ್ಕೃತವಾದ ಅರ್ಜಿಗಳಲ್ಲಿ ಕೆಲವನ್ನಾದರೂ ಆ ಕಚೇರಿಗೆ ಸೇರದವರು ತಿಂಗಳಿಗೊಮ್ಮೆ ಓದಬೇಕು. ಶಾಸನದಲ್ಲಿ ಮೇಲ್ಮನವಿಗೆ ಅವಕಾಶವಿದೆ, ನಿಜ. ಆದರೆ ಮೊದಲ ತಿರಸ್ಕಾರಕ್ಕೇ ತಲೆ ತಗ್ಗಿಸಿ ಊರಿನ ಬಸ್ಸನ್ನು ಹತ್ತುವವನಿಗೆ ಅದನ್ನು ಯಾರು ತಿಳಿಸುವರು?