ಮೊದಲ ಗೆಳೆಯನ ಲೆಕ್ಕ

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಮಗೆ 'ಗರೀಬ್' ಎಂದರೆ ಬಡವ. ಆ ಶಬ್ದಕ್ಕೆ ಬೇರೊಂದು ಅರ್ಥವಿರಬಹುದು ಎಂದು ಇಪ್ಪತ್ತೈದು ದಾಟುವವರೆಗೂ ನಮಗೆ ಹೊಳೆದಿರಲಿಲ್ಲ. 2006ರಲ್ಲಿ ದುಬೈಗೆ ಹೋದ ಮೊದಲ ವಾರ, ವೀಸಾದ ಅರ್ಜಿ ಬರೆಸಲೆಂದು ಟೈಪಿಂಗ್ ಅಂಗಡಿಯೊಂದರಲ್ಲಿ ಕುಳಿತಿದ್ದೆವು. ಅಲ್ಲಿದ್ದ ಸುಡಾನಿನ ಗುಮಾಸ್ತರೊಬ್ಬರು ನಮ್ಮತ್ತ ಕೈ ತೋರಿಸಿ ಪಕ್ಕದವರಿಗೆ ಅರಬಿಯಲ್ಲಿ ಏನೋ ಹೇಳಿದರು. ಅಷ್ಟು ಮಾತಿನಲ್ಲಿ ನಮ್ಮ ಕಿವಿಗೆ ಬಿದ್ದದ್ದು 'ಗರೀಬ್' ಒಂದೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದೆವು, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಹೊಸ ಬೂಟು ಹಾಕಿದ್ದೆವು. ಆದರೂ ಈ ಮನುಷ್ಯ ಒಂದೇ ನೋಟಕ್ಕೆ ನಮ್ಮ ಜೇಬನ್ನು ಅಳೆದುಬಿಟ್ಟನಲ್ಲ ಎಂದು ಮುಖ ಕೆಂಪಾಯಿತು. ಅವರು ತರಿಸಿಕೊಟ್ಟ ಚಹಾವನ್ನೂ ಸಿಟ್ಟಿನಿಂದಲೇ ಕುಡಿದೆವು. ಅರಬಿಯಲ್ಲಿ ಗರೀಬ್ ಎಂದರೆ ಹೊರಗಿನಿಂದ ಬಂದವ, ಅಪರಿಚಿತ ಎಂದರ್ಥ. ಬಡವನಿಗೆ ಅವರು ಹೇಳುವುದು ಫಕೀರ್ ಎಂದು. ಇದು ತಿಳಿದದ್ದು ತಿಂಗಳ ನಂತರ. 'ಪಾಪ, ಇವನು ಹೊಸಬ, ಇವನದನ್ನು ಮೊದಲು ಮಾಡಿಕೊಡು' ಎಂದಿರಬೇಕು ಆ ಪುಣ್ಯಾತ್ಮರು.

ಆಮೇಲೆ ಯೋಚಿಸಿದಾಗ ನಮ್ಮ ಕನ್ನಡದಲ್ಲೂ ಅದೇ ಕತೆಯಲ್ಲವೇ ಎನಿಸಿತು. ಪರದೇಶಿ ಎಂದರೆ ಬೇರೆ ದೇಶದವನು. ಆದರೆ ನಮ್ಮ ಓಣಿಯಲ್ಲಿ ತಾಯಿ ಸತ್ತ ಮಗುವಿಗೂ 'ಪರದೇಶಿ ಕೂಸು' ಎನ್ನುತ್ತಿದ್ದರು. ತನ್ನವರಿಲ್ಲದ ಊರಿನಲ್ಲಿ ಇರುವವನಿಗೂ ಏನೂ ಇಲ್ಲದವನಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಎರಡೂ ಭಾಷೆಗಳ ಜನ ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಮಹಾಯಾತ್ರಿಕ ಇಬ್ನ್ ಬತೂತ 1325ರಲ್ಲಿ ತನ್ನ ಊರು ತಾಂಜೀರ್ ಬಿಟ್ಟು ಹೊರಟಾಗ ವಯಸ್ಸು 21. ಟ್ಯೂನಿಸ್ ಸೇರಿದಾಗ ಊರಿನವರೆಲ್ಲ ಎದುರು ಬಂದು ಜೊತೆಯ ಪ್ರಯಾಣಿಕರಿಗೆ ಒಬ್ಬೊಬ್ಬರಾಗಿ ಸಲಾಮ್ ಹೇಳಿದರಂತೆ. ಪರಿಚಯವಿಲ್ಲದ ಇವನಿಗೆ ಯಾರೂ ಹೇಳಲಿಲ್ಲ. ಅವನಿಗೆ ಅಳು ತಡೆಯಲಾಗಲಿಲ್ಲ. ಅದನ್ನು ಕಂಡ ಹಾಜಿಯೊಬ್ಬರು ಹತ್ತಿರ ಬಂದು ಸಲಾಮ್ ಹೇಳಿ, ಊರು ಸೇರುವವರೆಗೂ ಮಾತನಾಡಿಸುತ್ತ ನಡೆದರು. ಮುಂದೆ ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡು, ಸುಲ್ತಾನರ ಪಂಕ್ತಿಯಲ್ಲಿ ಕುಳಿತು ಉಂಡ ಆ ಮನುಷ್ಯ ಹತ್ತಿರ ಹತ್ತಿರ ಮೂವತ್ತು ವರ್ಷಗಳ ನಂತರ ತನ್ನ ಪ್ರವಾಸವನ್ನು ಬರೆಸುವಾಗ ಈ ಸಣ್ಣ ಸಂಗತಿಯನ್ನು ಬಿಡಲಿಲ್ಲ.

ನಮಗೆ ಸಲಾಮ್ ಹೇಳಿದವರು, ಅಂದರೆ 'ಹ್ವಾಯ್' ಎಂದವರು, ಬೈಂದೂರು ಕಡೆಯ ಶೆಟ್ಟರು. ಅವರ ಹೆಸರು ಇಲ್ಲಿ ಬೇಡ. ಕರಾಮಾದ ಸಸ್ಯಾಹಾರಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು.

ನಾವು ಮಲಗುತ್ತಿದ್ದುದು ದೇರಾದ ಒಂದು ಕೋಣೆಯಲ್ಲಿ. ಎಂಟು ಜನ, ಒಂದರ ಮೇಲೊಂದು ಮಂಚ. ಪೇಶಾವರದವರು, ಕರೀಂನಗರದವರು, ಮಲಪ್ಪುರದವರು. ನಮ್ಮ ದಖನಿ ಕೇಳಿ ಪೇಶಾವರದ ಪಠಾಣರು ಹೊಟ್ಟೆ ಹಿಡಿದು ನಗುತ್ತಿದ್ದರು. ನಮ್ಮ 'ನಕ್ಕೋ' ಅವರಿಗೆ ದೊಡ್ಡ ತಮಾಷೆ. ಬೆಳಿಗ್ಗೆ ಅಬ್ರಾ ದೋಣಿಯಲ್ಲಿ ಒಂದು ದಿರ್ಹಮ್ ಕೊಟ್ಟು ಖಾಡಿ ದಾಟಿ ಬುರ್ ದುಬೈನ ಕಚೇರಿಗೆ ಹೋಗುವುದು, ಸಂಜೆ ಹಿಂದಿರುಗುವುದು. ಶುಕ್ರವಾರ ರಜೆ. (2022ರ ಜನವರಿಯಿಂದ ಅಲ್ಲಿ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಸರಿದಿದೆ, ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ಅರ್ಧ ದಿನ.) ಆ ರಜೆಯಂತಹ ಶತ್ರು ಇನ್ನೊಂದಿರಲಿಲ್ಲ. ಜುಮಾ ನಮಾಜಿನ ನಂತರ ಬನಿಯಾಸ್ ಚೌಕದ ಸುತ್ತ ಊರೂರಿನವರು ಗುಂಪುಗುಂಪಾಗಿ ನಿಲ್ಲುತ್ತಿದ್ದರು. ಯಾವ ಗುಂಪಿನಲ್ಲೂ ನಮ್ಮೂರು ಇರಲಿಲ್ಲ. ಊರಿನಿಂದ ವಿಳಾಸ ಬರೆದುಕೊಂಡು ಹೋಗಿದ್ದ ದೂರದ ನೆಂಟರೊಬ್ಬರು ಒಮ್ಮೆ ಬಿರಿಯಾನಿ ಉಣ್ಣಿಸಿ, 'ಬರ್‍ತಾ ಇರಿ' ಎಂದು ಹೇಳಿ, ಆಮೇಲೆ ಫೋನು ಎತ್ತಲಿಲ್ಲ. ಆಗ ಅವರ ಮೇಲೆ ಬಹಳ ಕೋಪವಿತ್ತು. ಈಗಿಲ್ಲ. ಏಕೆಂದು ಮುಂದೆ ಹೇಳುತ್ತೇವೆ.

ಕಂಪನಿಯಲ್ಲಿ ಮೊದಲ ಎರಡು ತಿಂಗಳು ಸಂಬಳವಾಗಲಿಲ್ಲ. ಆ ದಿನಗಳಲ್ಲಿ ಕನ್ನಡ ಫಲಕ ಕಂಡು ಶೆಟ್ಟರ ಹೋಟೆಲಿಗೆ ನುಗ್ಗಿದ್ದೆವು. ಅತಿ ಕಡಿಮೆ ಬೆಲೆಯದು ಯಾವುದೆಂದು ದರಪಟ್ಟಿಯನ್ನು ಎರಡೆರಡು ಸಲ ಓದುತ್ತಿದ್ದುದನ್ನು ಅವರು ಗಲ್ಲಾದಿಂದಲೇ ನೋಡಿರಬೇಕು. ನಾಲ್ಕನೆಯ ದಿನವೋ ಐದನೆಯ ದಿನವೋ, 'ಹ್ವಾಯ್ ಸಾಯ್ಬ್ರೆ, ಬರೀ ಚಾ ಕುಡ್ಕಂಡ್ ಹೋಪುದ್ ಎಂತಕ್ಕೆ? ಉಣ್ಲಿಲ್ಯಾ?' ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಹುಡುಗನನ್ನು ಕರೆದು ಊಟ ಹಾಕಿಸಿದರು. ಮೇಜಿನ ಕೆಳಗಿನಿಂದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದು, ಒಂದು ಹೊಸ ಪುಟದಲ್ಲಿ 'ಸಾಯ್ಬ್ರು' ಎಂದು ಬರೆದುಕೊಂಡರು. ಎರಡು ತಿಂಗಳು ಆ ಪುಟದ ಮೇಲೆ ನಾವು ಬದುಕಿದೆವು. ಊಟವಷ್ಟೇ ಅಲ್ಲ. ಬಸ್ಸಿನ ದಾರಿ, ಊರಿಗೆ ಹಣ ಕಳಿಸುವ ಬಗೆ, ಯಾವ ಕಾಗದಕ್ಕೆ ಸಹಿ ಹಾಕಬಾರದು ಎಂಬುದು, ರಂಜಾನಿನಲ್ಲಿ ಇಫ್ತಾರಿಗೆ ಯಾವ ಮಸೀದಿಯ ಡೇರೆಯಲ್ಲಿ ಜಾಗ ಸಿಗುತ್ತದೆ ಎಂಬುದು, ಎಲ್ಲವನ್ನೂ ಹೇಳಿಕೊಟ್ಟವರು ಅವರೇ. ಕರಾವಳಿಯ ಒಬ್ಬ ಶೆಟ್ಟರು ಮಲೆನಾಡಿನ ಒಬ್ಬ ಸಾಬರಿಗೆ ಇಫ್ತಾರಿನ ಡೇರೆ ತೋರಿಸಲು ಇಬ್ಬರೂ ಸಮುದ್ರ ದಾಟಬೇಕಾಯಿತು.

ಸಂಬಳ ಬಂದ ದಿನ ಹೋಗಿ ಬಾಕಿ ತೀರಿಸಿದೆವು. ಶೆಟ್ಟರು ಮೊತ್ತವನ್ನು ಎರಡು ಸಲ ಕೂಡಿ, ಹಣ ಎಣಿಸಿಕೊಂಡು, ಪುಟದ ಮೇಲೆ ಅಡ್ಡಗೀಟು ಎಳೆದರು. ಒಂದು ದಿರ್ಹಮ್ ಕೂಡ ಬಿಡಲಿಲ್ಲ. ಅದು ನಮಗೆ ಹಿತವೆನಿಸಿತು. ಬಿಟ್ಟಿದ್ದರೆ ನಾವು ಭಿಕ್ಷುಕರಾಗುತ್ತಿದ್ದೆವು.

ಈಗ ಪ್ರಶ್ನೆಗೆ ಬರೋಣ. ಹೀಗೆ ಹಸಿವಿನಲ್ಲಿ ಕಟ್ಟಿಕೊಂಡ ನಂಟನ್ನು ಗೆಳೆತನ ಎನ್ನಬಹುದೇ? ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಸ್ನೇಹವನ್ನು ಮೂರು ಬಗೆ ಮಾಡುತ್ತಾನೆ: ಲಾಭಕ್ಕಾಗಿ, ಸುಖಕ್ಕಾಗಿ, ಗುಣಕ್ಕಾಗಿ. ಲಾಭದ ಸ್ನೇಹ ಲಾಭ ಮುಗಿದ ದಿನ ಮುಗಿಯುತ್ತದೆ, ದೂರುಗಳೂ ಅದರಲ್ಲೇ ಹೆಚ್ಚು ಎನ್ನುತ್ತಾನೆ. ವ್ಯವಹಾರ ಕಂಡವನ ಮಾತು, ಅಲ್ಲಗಳೆಯುವಂತಿಲ್ಲ. ಆದರೆ ಪರದೇಶದ ಮೊದಲ ಸ್ನೇಹ ಈ ಮೂರರಲ್ಲಿ ಯಾವುದರಲ್ಲೂ ಸರಿಯಾಗಿ ಕೂರುವುದಿಲ್ಲ. ಲಾಭ ಇರುವುದು ಒಂದೇ ಕಡೆಗೆ. ನಮ್ಮಿಂದ ಶೆಟ್ಟರಿಗೆ ಏನು ಸಿಕ್ಕಿತು? ಒಮ್ಮೆ ಕೇಳಿಯೂ ಇದ್ದೆವು. ತಾವು ಬಂದಾಗ ಕಾಸರಗೋಡಿನ ಬ್ಯಾರಿಯೊಬ್ಬರು ಮೂರು ತಿಂಗಳು ಕೋಣೆಯ ಬಾಡಿಗೆ ಕೇಳಿರಲಿಲ್ಲ ಎಂದರು, ಅಷ್ಟೆ. ಅಂದರೆ ಅವರು ತೀರಿಸುತ್ತಿದ್ದುದು ಇನ್ನಾರದೋ ಸಾಲವನ್ನು, ನಮ್ಮ ತಟ್ಟೆಯಲ್ಲಿ.

ನಮ್ಮ ಮಸೀದಿಗಳ ಖುತ್ಬಾದಲ್ಲಿ ಹಿಜರತ್ತಿನ ಪ್ರಸ್ತಾಪ ಬಂದಾಗಲೆಲ್ಲ ಒಂದು ಪ್ರಸಂಗ ಕೇಳುತ್ತೇವೆ. 622ರಲ್ಲಿ ಮಕ್ಕಾದಿಂದ ಬರಿಗೈಯಲ್ಲಿ ಮದೀನಾಕ್ಕೆ ಬಂದ ಮುಹಾಜಿರರನ್ನು ಪ್ರವಾದಿಯವರು (ಸ) ಮದೀನಾದ ಅನ್ಸಾರರೊಂದಿಗೆ ಒಬ್ಬೊಬ್ಬರಿಗೆ ಒಬ್ಬೊಬ್ಬರಂತೆ ಅಣ್ಣತಮ್ಮಂದಿರನ್ನಾಗಿ ಮಾಡಿದರು. ಅಬ್ದುರ್ರಹ್ಮಾನ್ ಬಿನ್ ಔಫ್ ಅವರ ಜೊತೆಯಾದವರು ಸಅದ್ ಬಿನ್ ರಬೀ. ತಮ್ಮ ಸಂಪತ್ತಿನಲ್ಲಿ ಅರ್ಧವನ್ನು ಕೊಡಲು ಸಅದ್ ಮುಂದಾದರು. ಅಬ್ದುರ್ರಹ್ಮಾನ್ ಅವರಿಗಾಗಿ ದುಆ ಮಾಡಿ, ಪೇಟೆ ಎಲ್ಲಿದೆ ತೋರಿಸಿ ಎಂದರು. ಬೆಣ್ಣೆ, ಗಿಣ್ಣು ಮಾರಿ ವ್ಯಾಪಾರ ಆರಂಭಿಸಿ ಮುಂದೆ ದೊಡ್ಡ ಶ್ರೀಮಂತರಾದರು. ಖತೀಬರು ಇಬ್ಬರನ್ನೂ ಹೊಗಳಿ ಮುಂದಕ್ಕೆ ಹೋಗುತ್ತಾರೆ. ನಮ್ಮ ಮನಸ್ಸು ಮಾತ್ರ ಅಲ್ಲೇ ನಿಲ್ಲುತ್ತದೆ. ಅಬ್ದುರ್ರಹ್ಮಾನ್ ಅರ್ಧವನ್ನು ನಿರಾಕರಿಸಿದ್ದು ಸ್ವಾಭಿಮಾನಕ್ಕೆ ಎಂದು ಹೇಳುವುದುಂಟು. ಸ್ನೇಹವನ್ನು ಉಳಿಸಿಕೊಳ್ಳುವುದಕ್ಕೂ ಇರಬಹುದೇ? ಪೇಟೆ ತೋರಿಸಿದ ಋಣವನ್ನು ಹೊತ್ತು ಬದುಕಬಹುದು. ಅರ್ಧ ಆಸ್ತಿಯ ಋಣ ಹೊತ್ತವನು ಕೊಟ್ಟವನ ಮುಖವನ್ನು ನೇರ ನೋಡುವುದು ಕಷ್ಟ.

ಇನ್ನೊಂದು ಸಂಗತಿಯನ್ನು ಖುತ್ಬಾಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಮೊದಮೊದಲು ಈ ಜೋಡಿ ಸಹೋದರರಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಅವರ ವಾರಸುದಾರರಾಗುತ್ತಿದ್ದರು. ವಲಸಿಗರು ಬೇರೂರಿದ ನಂತರ ಆ ವ್ಯವಸ್ಥೆ ರದ್ದಾಗಿ ವಾರಸುದಾರಿಕೆ ರಕ್ತಸಂಬಂಧಕ್ಕೆ ಮರಳಿತು. ನೆರವು, ಹಿತಚಿಂತನೆ ಉಳಿದವು. ಮೊದಲ ಸ್ನೇಹಕ್ಕೂ ಹೀಗೆ ಒಂದು ಅವಧಿ ಇರುತ್ತದೆ, ಅದು ಸಡಿಲವಾದರೆ ಯಾರದೂ ತಪ್ಪಲ್ಲ ಎಂದು ವಾದಿಸಲು ನಮಗೆ ಇದು ಬಹಳ ದಿನ ಅನುಕೂಲವಾಗಿತ್ತು.

2008ರ ಕೊನೆಯ ಹೊತ್ತಿಗೆ ಜಗತ್ತಿನ ಹಣಕಾಸಿನ ಕುಸಿತ ದುಬೈಯನ್ನೂ ಮುಟ್ಟಿತು. ಕ್ರೇನುಗಳು ನಿಂತವು. ಊಟಕ್ಕೆ ಬರುವವರು ಕಡಿಮೆಯಾದರು. 2009ರಲ್ಲಿ ಶೆಟ್ಟರ ಹೋಟೆಲು ಮುಚ್ಚಿತು, ಅವರ ವೀಸಾ ರದ್ದಾಯಿತು. ಆಗಿನ ನಿಯಮದಂತೆ ಬೇರೆ ಕೆಲಸ ಹುಡುಕಿಕೊಳ್ಳಲು ಅಥವಾ ದೇಶ ಬಿಡಲು 30 ದಿನ. ಅಷ್ಟರಲ್ಲಿ ನಾವು ಶಾರ್ಜಾದಲ್ಲಿ ಒಂದು ಕೋಣೆಯ ಮನೆ ಮಾಡಿದ್ದೆವು. ಹೆಂಡತಿ, ಆರು ತಿಂಗಳ ಮಗು ಬಂದಿದ್ದರು. ಶೆಟ್ಟರು ಫೋನು ಮಾಡಿ, ಹೋಟೆಲಿನ ಕೋಣೆ ಬಿಡಬೇಕಾಗಿದೆ, ಹದಿನೈದು ದಿನ ಅಡುಗೆಮನೆಯ ಮೂಲೆಯಲ್ಲಾದರೂ ಮಲಗಬಹುದೇ ಎಂದು ಕೇಳಿದರು.

'ನೋಡೋಣ ಶೆಟ್ರೆ' ಎಂದೆವು.

ಕನ್ನಡ ಬಲ್ಲವರಿಗೆ ಈ 'ನೋಡೋಣ'ದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸಂಸಾರಗಳಿರುವ ಕಟ್ಟಡ, ಒಂಟಿ ಗಂಡಸರನ್ನು ಇಟ್ಟುಕೊಂಡರೆ ನಾತೂರ್ ಒಪ್ಪುವುದಿಲ್ಲ ಎಂದೂ ಸೇರಿಸಿದೆವು. ನಾತೂರ್ ಎಂದರೆ ಅಲ್ಲಿ ಕಟ್ಟಡದ ಕಾವಲುಗಾರ. ಅಂಥ ನಿರ್ಬಂಧ ಅಲ್ಲಿ ಇದ್ದದ್ದು ನಿಜ. ನಾವು ನಾತೂರನನ್ನು ಕೇಳಲೇ ಇಲ್ಲ ಎಂಬುದೂ ನಿಜ. ಹೆಂಡತಿ, 'ಕರೆಯಿರಿ, ಹದಿನೈದು ದಿನ ತಾನೇ' ಎಂದಿದ್ದಳು. ಆದ್ದರಿಂದ ಅವಳ ಹೆಗಲ ಮೇಲೆ ಹಾಕಿ ಪಾರಾಗುವ ದಾರಿಯೂ ಇಲ್ಲ. ನಮಗೆ ಬೇಡವಾಗಿದ್ದುದು ಶೆಟ್ಟರಲ್ಲ. ದರಪಟ್ಟಿಯನ್ನು ಎರಡೆರಡು ಸಲ ಓದುತ್ತಿದ್ದ ನಮ್ಮನ್ನು ಕಂಡಿದ್ದ ಒಂದು ಜೊತೆ ಕಣ್ಣು. ಬಿರಿಯಾನಿ ಉಣ್ಣಿಸಿ ಫೋನು ಎತ್ತದ ನೆಂಟರ ಮೇಲಿನ ಕೋಪ ಇಳಿದದ್ದು ಆಗ.

ಎರಡು ದಿನ ಬಿಟ್ಟು ಐನೂರು ದಿರ್ಹಮ್ ಲಕೋಟೆಯಲ್ಲಿಟ್ಟುಕೊಂಡು ಕರಾಮಾಕ್ಕೆ ಹೋದೆವು. ಶೆಟ್ಟರು ಲಕೋಟೆಯನ್ನು ಮುಟ್ಟಲಿಲ್ಲ. ಮುಖದಲ್ಲಿ ಬೇಸರವೂ ಇರಲಿಲ್ಲ. 'ನಿಮ್ ಲೆಕ್ಕ ಆವತ್ತೇ ಮುಗ್ದಿತ್ತಲ್ದಾ ಸಾಯ್ಬ್ರೆ' ಎಂದು ನಕ್ಕರು. ಚಹಾ ಕುಡಿಸಿಯೇ ಕಳಿಸಿದರು. ಅವಧಿ ಮುಗಿಯುವ ಮೊದಲೇ ಊರಿಗೆ ಹೋದರೆಂದು ಆಮೇಲೆ ಯಾರೋ ಹೇಳಿದರು.

ಆ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇವೋ. ನಿಮ್ಮ ಮೇಲೆ ಯಾವ ಹೊರೆಯೂ ಇಲ್ಲ, ಸಮಾಧಾನದಿಂದಿರಿ ಎಂದು ಹರಸಿದರೇ? ಅಥವಾ ನಮ್ಮ ನಡುವೆ ಇದ್ದದ್ದು ಬರೀ ಲೆಕ್ಕವೆಂದು ನೀವೇ ಈಗ ತೋರಿಸಿಕೊಟ್ಟಿರಿ ಎಂದರೇ? ಕತೆ ಬರೆಯುವವರಿಗೆ ಎರಡು ಅರ್ಥದ ಮಾತು ಸಿಕ್ಕರೆ ಸಂತೋಷವಾಗಬೇಕು. ನಮಗೆ ಆಗಲಿಲ್ಲ.

ಮುಂದೆ ನಾವೂ ಹೊಸಬರಿಗೆ ನೆರವಾದೆವು. ದಾವಣಗೆರೆಯ ಹುಡುಗನೊಬ್ಬ ನಮ್ಮ ಮನೆಯಲ್ಲಿ ಒಂದು ತಿಂಗಳಿದ್ದ; ಮತ್ತೊಬ್ಬನಿಗೆ ಕೆಲಸ ಕೊಡಿಸಿದೆವು. ಬ್ಯಾರಿಯವರಿಂದ ಶೆಟ್ಟರಿಗೆ, ಶೆಟ್ಟರಿಂದ ನಮಗೆ, ನಮ್ಮಿಂದ ಈ ಹುಡುಗರಿಗೆ ಎಂದು ಸಾಲ ಮುಂದಕ್ಕೆ ಹೋಯಿತಲ್ಲ ಎಂದುಕೊಂಡೆವು. ಬಹಳ ಜನ ಹೀಗೆ ಹೇಳಿಕೊಳ್ಳುತ್ತಾರೆ, ತಪ್ಪೆಂದು ಹೇಳಲಾರೆವು. ಆದರೆ ಉಪ್ಪಿನ ಋಣವನ್ನು ಬೇರೆಯವರಿಗೆ ವರ್ಗಾಯಿಸಿ ರಸೀದಿ ಪಡೆಯಬಹುದೇ? ಮದೀನಾದಲ್ಲಿ ರದ್ದಾದದ್ದು ವಾರಸುದಾರಿಕೆ. ಅನ್ಸಾರಿ ಬಾಗಿಲು ತಟ್ಟಿದಾಗ ಮುಹಾಜಿರ್ 'ನೋಡೋಣ' ಎನ್ನಬಹುದೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಆ ಪ್ರಸಂಗದಿಂದ ನಮಗೆ ಬೇಕಾದಷ್ಟನ್ನೇ ನಾವು ಕತ್ತರಿಸಿಕೊಂಡಿದ್ದೆವು.

ಈಗ ಹೋಗುವ ಹುಡುಗರು ವಿಮಾನ ಹತ್ತುವ ಮೊದಲೇ ವಾಟ್ಸಾಪ್ ಗುಂಪು ಸೇರಿರುತ್ತಾರೆ. ಮಲಗುವ ಜಾಗ, ಊಟದ ಮೆಸ್ಸು ಎಲ್ಲ ಮೊಬೈಲಿನಲ್ಲೇ ಗೊತ್ತಾಗಿರುತ್ತದೆ. ಒಳ್ಳೆಯದೇ ಆಯಿತು. ಹಸಿವಿನ ಗುಟ್ಟು ಬಲ್ಲ ಸಾಕ್ಷಿಯೊಬ್ಬರು ಅವರಿಗೆ ಇರುವುದಿಲ್ಲ.

ಕಳೆದ ವರ್ಷ ಭಟ್ಕಳದಲ್ಲಿ ಒಂದು ಮದುವೆಗೆ ಹೋಗುವಾಗ ಕೊಲ್ಲೂರಿನ ದಾರಿ ಹಿಡಿದಿದ್ದೆವು. ಬೈಂದೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಶೆಟ್ಟರ ಊರಿನ ಹೆಸರು ನಮಗೆ ಗೊತ್ತಿದೆ. ನಿಲ್ದಾಣದ ಹೊರಗೆ ಆಟೋಗಳೂ ಇದ್ದವು. ಹೆಂಡತಿ ನಮ್ಮ ಮುಖ ನೋಡಿದಳು. ಮದುವೆಗೆ ತಡವಾಗುತ್ತದೆ, ಬರುವಾಗ ನೋಡೋಣ ಎಂದೆವು.