ಅಂಟು ಒಣಗಿದ ಮೇಲೆ

ಹರಿದದ್ದನ್ನು ಎಸೆಯಬಾರದು, ಹೊಲಿದು ಉಡಬೇಕು ಎನ್ನುವ ಮನೆಯಲ್ಲಿ ಬೆಳೆದವನು ನಾನು. ಪಂಚೆಗೆ ತೇಪೆ, ಕೊಡಕ್ಕೆ ಬೆಸುಗೆ, ಸೈಕಲ್ಲಿನ ಟ್ಯೂಬಿಗೆ ಪಂಕ್ಚರು ಇವೆಲ್ಲ ನಮಗೆ ಬಡತನದ ಗುರುತುಗಳಾಗಿರಲಿಲ್ಲ. ಸಂಸಾರ ನಡೆಸುವ ಕ್ರಮವೇ ಅದಾಗಿತ್ತು. ಆದ್ದರಿಂದ ಕಳೆದ ಚಳಿಗಾಲದಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಮಗ ತನ್ನ ಹಿಮಬಂಡಿಯ ಹರಿದ ಪಟ್ಟಿಗೆ ತಾನೇ ಅಂಟು ಹಾಕಲು ಕುಳಿತಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ‘ಎಲ್ಲಿಗೆ ಹೋದರೂ ಹುಡುಗ ಮನೆಯ ಬುದ್ಧಿ ಬಿಟ್ಟಿಲ್ಲ’ ಎಂದು ಹೆಂಡತಿಗೆ ಹೇಳಿಕೊಂಡೆ.

ಹಿಮಬಂಡಿಯನ್ನು ನೋಡದ ಓದುಗರಿಗಾಗಿ ಎರಡು ಮಾತು. ಅಲ್ಲಿಯವರು ಅದನ್ನು ಸ್ನೋಮೊಬೈಲ್ ಎನ್ನುತ್ತಾರೆ. ಮುಂದೆ ಎರಡು ಜಾರುಹಲಗೆಗಳು. ಹಿಂದೆ ಚಕ್ರದ ಬದಲು ತುದಿಮೊದಲಿಲ್ಲದೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಅದರ ಮೈತುಂಬ ಉಬ್ಬು ಹಲ್ಲುಗಳು. ಇಂಜಿನ್ನು ಪಟ್ಟಿಯನ್ನು ಸುತ್ತಿಸಿದಂತೆ ಹಲ್ಲುಗಳು ಹಿಮವನ್ನು ಹಿಂದಕ್ಕೆ ತಳ್ಳುತ್ತವೆ, ಬಂಡಿ ಮುಂದಕ್ಕೆ ಓಡುತ್ತದೆ. ಇದರ ಚರಿತ್ರೆಯಲ್ಲಿ ಒಂದು ದುಃಖದ ಅಧ್ಯಾಯವಿದೆ. ಕೆನಡದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೇ ಎಂಬ ಯಂತ್ರಕುಶಲಿಯೊಬ್ಬರಿದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗು ಕಾಯಿಲೆ ಬಿದ್ದಿತು. ದಾರಿಯೆಲ್ಲ ಹಿಮ ಮುಚ್ಚಿತ್ತು. ಆಸ್ಪತ್ರೆ ಮುಟ್ಟಿಸಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಬಂಡಿಗಾಗಿ ಮೊದಲಿನಿಂದಲೂ ಹೆಣಗುತ್ತಿದ್ದ ಅವರು 1937ರಲ್ಲಿ ತಮ್ಮ ಪಟ್ಟಿಯ ಏರ್ಪಾಟಿಗೆ ಪೇಟೆಂಟು ಪಡೆದು ಏಳು ಜನ ಕೂರುವ ಬಂಡಿಯನ್ನು ಕಟ್ಟಿದರು. 1959ರಲ್ಲಿ ‘ಸ್ಕೀ-ಡೂ’ ಎಂಬ ಚಿಕ್ಕ ಬಂಡಿಯನ್ನು ಹೊರತಂದರು. ಇಂದು ಅದು ವಿನೋದದ ವಾಹನ. ಆದರೂ ಅದು ಓಡಾಡುವುದು ಬೇರೆ ಸಹಾಯ ಬೇಗ ತಲುಪದ ಜಾಗಗಳಲ್ಲಿ ಎಂಬುದು ಈಗಲೂ ನಿಜವೇ.

ಮಗನ ಬಂಡಿಯ ಪಟ್ಟಿ ಯಾವುದೋ ಕಲ್ಲಿಗೆ ಸಿಕ್ಕಿ ಅಂಚಿನಿಂದ ಒಳಕ್ಕೆ ನಾಲ್ಕು ಬೆರಳಷ್ಟು ಸೀಳಿತ್ತು. ಹೊಸ ಪಟ್ಟಿಗೆ ನೂರಾರು ಡಾಲರು. ಅವನು ಬಂಡಿಯನ್ನು ಗ್ಯಾರೇಜಿಗೆ ತಂದು, ಹೀಟರ್ ಹಚ್ಚಿ, ಹಿಮವೆಲ್ಲ ಕರಗಿ ಒಣಗುವವರೆಗೆ ಕಾದ. ಚಳಿಯಲ್ಲಿ ರಬ್ಬರು ಮರದಂತೆ ಬಿಗಿಯುತ್ತದೆ, ಅಂಟು ಹಿಡಿಯುವುದಿಲ್ಲ. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು, ಸ್ಪಿರಿಟಿನಿಂದ ಒರೆಸಿ, ಒರಟು ಉಪ್ಪುಕಾಗದದಿಂದ ಉಜ್ಜಿದ. ಎರಡು ಟ್ಯೂಬುಗಳ ಅಂಟನ್ನು ಕಲಸಿ ಸೀಳಿನೊಳಕ್ಕೆ ತುಂಬಿ, ಬಟ್ಟೆ ಸೇರಿದ ರಬ್ಬರಿನ ತೇಪೆಯೊಂದನ್ನು ಇಟ್ಟು, ಎರಡು ಹಲಗೆಗಳ ನಡುವೆ ಬಿಗಿದ. ಮೈಸೂರಿನ ಸೈಕಲ್ ಅಂಗಡಿಯವನು ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಬಳಿದು, ಊದಿ ಊದಿ ಒಣಗಿಸುತ್ತಿದ್ದ ನೆನಪಾಗಿ ನನಗೆ ಕಣ್ಣು ತುಂಬಿದಂತಾಯಿತು. ಒಂದು ದಿನ ಕಳೆದು ಹಲಗೆ ಬಿಚ್ಚಿದ. ಹೊರಚೆಲ್ಲಿದ ಅಂಟನ್ನು ಚಾಕುವಿನಿಂದ ಹೆರೆದ. ಕರಿಯ ಮೇಲೆ ಕರಿ. ಸೀಳಿದ್ದ ಜಾಗವೇ ಕಾಣುವಂತಿರಲಿಲ್ಲ.

‘ಮೊದಲಿನಷ್ಟೇ ಗಟ್ಟಿಯೇನೋ?’ ಎಂದು ಕೇಳಿದೆ. ‘ಇಲ್ಲಪ್ಪ. ಎಳೆತವನ್ನು ತಡೆಯುವುದು ರಬ್ಬರಲ್ಲ, ಅದರೊಳಗಿನ ಬಟ್ಟೆ, ನೂಲು. ಕತ್ತರಿಸಿದ ನೂಲನ್ನು ಅಂಟು ಕೂಡಿಸಲಾರದು. ಸೀಳು ಬೆಳೆಯದ ಹಾಗೆ ಹಿಡಿದರೆ ಸಾಕು. ನಾನು ಮನೆಯ ಸುತ್ತ ನಿಧಾನವಾಗಿ ಓಡಿಸುವವನು ತಾನೆ?’ ಎಂದ. ಸರಿಯಾದ ಮಾತೇ. ತನ್ನ ತೇಪೆಯ ಮೇಲೆ ತಾನೇ ಕೂರುವವನಿಗೆ ಯಾರು ಏನು ಹೇಳಬೇಕು?

ಆ ಸಂಜೆ ಪಕ್ಕದ ಮನೆಯ ಹಿರಿಯರು ಬಂದರು. ಅವರ ಬಂಡಿ ಕೆಟ್ಟಿತ್ತು. ಮರುದಿನ ಹೆಪ್ಪುಗಟ್ಟಿದ ಸರೋವರವನ್ನು ದಾಟಿ ಆಚೆ ದಡದ ಬಳಿ ಮೀನು ಹಿಡಿಯಲು ಹೋಗಬೇಕೆಂದಿದ್ದರು. ‘ಧಾರಾಳವಾಗಿ ತೆಗೆದುಕೊಂಡು ಹೋಗಿ’ ಎಂದ ನನ್ನ ಮಗ. ಅವರು ಬಂಡಿಯ ಸುತ್ತ ಒಂದು ಸಲ ನಡೆದು, ‘ಚೆನ್ನಾಗಿಟ್ಟುಕೊಂಡಿದ್ದೀರಿ’ ಎಂದರು. ಮಗ ನಕ್ಕ. ನಾನೂ ನಕ್ಕೆ. ಸೀಳಿನ ಮಾತು ಯಾರ ಬಾಯಿಂದಲೂ ಬರಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಸರೋವರದ ನಟ್ಟನಡುವೆ ಪಟ್ಟಿ ಕಿತ್ತರೆ ಆ ವಯಸ್ಸಿನವರು ಏನು ಮಾಡಬೇಕು? ಇದರ ಜೊತೆಗೆ, ಬಹುಕಾಲ ಮುಚ್ಚಿಟ್ಟಿದ್ದ ಇನ್ನೊಂದು ತೇಪೆಯೂ ಬಿಚ್ಚಿಕೊಂಡಿತು. 1978ರಲ್ಲಿ ನಾನು ನನ್ನ ಸೈಕಲನ್ನು ಮಾರಿದೆ. ಅದರ ಮುಂದಿನ ಫೋರ್ಕು ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿಸಿ, ಮೇಲೆ ಕಪ್ಪು ಬಣ್ಣ ಹೊಡೆಸಿದ್ದೆ. ಕೊಳ್ಳಲು ಬಂದವರು ಯಾವುದೋ ಹಳ್ಳಿಯ ಶಾಲೆಯ ಮೇಷ್ಟರು. ‘ಗಾಡಿ ಹೇಗಿದೆ ಸಾರ್?’ ಎಂದರು. ‘ನೀವೇ ತುಳಿದು ನೋಡಿ’ ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತುಳಿದು ನೋಡಿದರು, ಹಣ ಎಣಿಸಿದರು, ಜೊತೆಗಿದ್ದ ಪುಟ್ಟ ಮಗಳನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಹೊರಟುಹೋದರು.

ಎಲ್ಲ ತೇಪೆಗಳನ್ನೂ ಸಾರಿ ಹೇಳಬೇಕೆ? ಹಾಗಾದರೆ ಲೋಕದಲ್ಲಿ ಬಾಳುವುದು ಕಷ್ಟ. ಮುನಿಸು ತೀರಿದ ಗಂಡಹೆಂಡಿರು ಬೀದಿಗೆಲ್ಲ ತಿಳಿಸಬೇಕಿಲ್ಲ. ಪಂಚೆಯ ಹೊಲಿಗೆಯನ್ನು ನಿರಿಗೆಯಲ್ಲಿ ಮರೆಸಿದರೆ ಅದು ಮರ್ಯಾದೆ, ಮೋಸವಲ್ಲ. ಆದರೆ ಇನ್ನೊಬ್ಬನು ತನ್ನ ಭಾರವನ್ನು ಹೊರಿಸುವ ಜಾಗದಲ್ಲಿ ತೇಪೆಯಿದ್ದರೆ ಅದನ್ನು ತಿಳಿಯುವ ಹಕ್ಕು ಅವನದು. ನಮ್ಮ ಕುತ್ತಿಗೆಯನ್ನು ನಾವು ಪಣಕ್ಕೆ ಇಡಬಹುದು. ಕೇಳದೆ ಇನ್ನೊಬ್ಬರದನ್ನು ಇಡುವ ಅಧಿಕಾರ ನಮಗಿಲ್ಲ. ಹೇಳಿದ ಮಾತ್ರಕ್ಕೆ ತೇಪೆ ಗಟ್ಟಿಯಾಗುವುದಿಲ್ಲ, ನಿಜ. ಆದರೆ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಯಾರಿಗೆ ಸೇರಿದ್ದೋ ಅವರ ಕೈಗೆ ಹೋಗುತ್ತದೆ. ನಮ್ಮ ಮೌನ ಕದಿಯುವುದು ಅದನ್ನೇ. ಅಂಟು ಒಣಗಿದಾಗ ರಿಪೇರಿ ಮುಗಿಯಿತೆಂದು ಕುಶಲಿ ತಿಳಿಯುತ್ತಾನೆ. ಹೇಳಬೇಕಾದವರಿಗೆ ಹೇಳಿದಾಗಲೇ ಅದು ಮುಗಿಯುವುದು.

ಬೆಳಗ್ಗೆ ಕಾಫಿ ಕುಡಿಯುತ್ತ ಮಗನಿಗೆ ಸೈಕಲ್ಲಿನ ಕಥೆ ಹೇಳಿದೆ. ಅವನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೋಟು ಹಾಕಿಕೊಂಡು ಪಕ್ಕದ ಮನೆಗೆ ಹೋದ. ಹಿರಿಯರು ಬಂದು, ಬಗ್ಗಿ, ಕೈಗವಸು ಕಳಚಿ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ‘ಕೆಲಸ ಚೆನ್ನಾಗಿದೆ. ಆದರೆ ಸರೋವರ ದಾಟುವುದು ಬೇಡ, ಈ ದಡದಲ್ಲೇ ಎಲ್ಲಾದರೂ ಕೂರುತ್ತೇನೆ’ ಎಂದು ಹೇಳಿ ನಿಧಾನವಾಗಿ ಹೊರಟರು. ಸಂಜೆ ಕ್ಷೇಮವಾಗಿ ಹಿಂದಿರುಗಿದರು. ಅಂಟು ಹಿಡಿದಿತ್ತು.

ಆ ಬೆಸುಗೆಯೂ ಹಿಡಿದಿರಬಹುದು. ಎಷ್ಟೋ ಬೆಸುಗೆಗಳು ಹಿಡಿಯುತ್ತವೆ. ಆ ಮೇಷ್ಟರ ಹೆಸರನ್ನು ನಾನು ಕೇಳಿರಲಿಲ್ಲ. ಬಾರಿನ ಮೇಲೆ ಕುಳಿತಿದ್ದ ಆ ಹುಡುಗಿ ಈಗ ನನ್ನ ಮಗನಿಗಿಂತ ದೊಡ್ಡವಳಾಗಿರಬೇಕು.